ಇಬ್ಬರೇ ಶಿಕ್ಷಕರ ಶಾಲೆ, ಹಿಂದೆ ಧರೆ: ಮಳೆಗಾಲಕ್ಕೆ ತಯಾರಿ ಹೇಗೆ?

ಕೇಳಿದವರು (ಸಕಲೇಶಪುರ ತಾಲ್ಲೂಕು):
ಈ ವರ್ಷ ಇಲ್ಲಿನ ಕಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೇನೆ. ಒಂದರಿಂದ ಐದನೇ ತರಗತಿ, ಇಬ್ಬರೇ ಶಿಕ್ಷಕರು. ಹಿಂದೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಎತ್ತರದ ಮಣ್ಣಿನ ಗೋಡೆ. ಮುಂದೆ ಹಳ್ಳ. ವಿಪತ್ತು ನಿರ್ವಹಣಾ ಯೋಜನೆ ಬರೆದು ಕೊಡಿ ಅಂದಿದ್ದಾರೆ. ಬರೆದು ಕೊಡಬಹುದು. ನಿಜವಾಗಿ ಏನಾದರೂ ಆದರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

ಮೂಡಿಗೆರೆ ಕಡೆಯ ಶಿಕ್ಷಕಿ:
ಸರ್, ನಿಮ್ಮ ಜೊತೆಯವರು ಮೀಟಿಂಗಿಗೋ ತರಬೇತಿಗೋ ಹೋದ ದಿನ ಆ ಯೋಜನೆ ನಡೆಯುತ್ತದಾ? ಮೊದಲು ಅದನ್ನು ನೋಡಿ. ಒಬ್ಬರೇ ಇದ್ದಾಗ ಆಗುವಂಥದ್ದನ್ನೇ ಬರೆಯಿರಿ. ಅಡುಗೆಯವರನ್ನೂ ಸೇರಿಸಿಕೊಳ್ಳಿ. ನಮ್ಮಲ್ಲಿ ಬಿಸಿಯೂಟದ ಅಕ್ಕ ನಲಿ-ಕಲಿ ಮಕ್ಕಳನ್ನು (ಒಂದರಿಂದ ಮೂರನೇ ತರಗತಿಯವರು) ಕರೆದುಕೊಂಡು ಮುಂದೆ ಹೋಗುತ್ತಾರೆ. ನಾನು ಹಾಜರಿ ಪುಸ್ತಕ ಹಿಡಿದು ಕೊನೆಗೆ ಹೊರಡುತ್ತೇನೆ. ಅದಕ್ಕೂ ಮುಂಚೆ ಶೌಚಾಲಯದ ಬಾಗಿಲು ತೆಗೆದು ನೋಡಬೇಕು. ಅಲ್ಲಿ ಒಂದು ಮಗು ಇದ್ದೇ ಇರುತ್ತದೆ.

ಇನ್ನು ಧರೆ. 2019ರ ಆಗಸ್ಟ್ ಮಳೆಗೆ ನಮ್ಮ ಮೂಡಿಗೆರೆ ಕಡೆಯ ಮಲೆಮನೆಯಲ್ಲಿ ಗುಡ್ಡ ಜಾರಿದ್ದು, ಚಾರ್ಮಾಡಿ ಘಾಟಿ ಬಂದ್ ಆಗಿದ್ದು ನಿಮಗೂ ಗೊತ್ತಿರುತ್ತದೆ. ಆಮೇಲಿಂದ ಮಳೆಗಾಲದಲ್ಲಿ ಬೀಗ ತೆಗೆಯುವ ಮೊದಲೇ ಹಿಂದೆ ಹೋಗಿ ಬರುತ್ತೇನೆ. ಧರೆ ಮೇಲೆ ಬಿರುಕು ಬಿಟ್ಟಿದೆಯಾ, ಮರವೋ ಕರೆಂಟ್ ಕಂಬವೋ ವಾಲಿದೆಯಾ, ಬುಡದಲ್ಲಿ ಹೊಸದಾಗಿ ಕೆಸರು ನೀರು ಒಸರುತ್ತಿದೆಯಾ ಅಂತ ನೋಡುತ್ತೇನೆ. ಒಂದು ಕಂಡರೂ ಆ ದಿನ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. ನಮಗೆ ಹೋಗಲು ಸಮುದಾಯ ಭವನ ಇದೆ. ಅದರ ಇನ್ನೊಂದು ಕೀಲಿಕೈ ಶಾಲೆಯಲ್ಲೇ ಇಟ್ಟುಕೊಂಡಿದ್ದೇವೆ. ಅದನ್ನು ಪಡೆಯಲು ಓಡಾಟ ಜಾಸ್ತಿ, ಆದರೂ ಬಿಡಬೇಡಿ.

ಅಣಕು ಅಭ್ಯಾಸವನ್ನು ಮಳೆ ಬರುವಾಗಲೇ ಮಾಡಿ. ಜೋರು ಗುಡುಗು ಸಿಡಿಲು ಇರುವ ದಿನ ಮಾತ್ರ ಬೇಡ. ಬಿಸಿಲಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರೆ ಮೆಟ್ಟಿಲು ಎಷ್ಟು ಜಾರುತ್ತದೆ, ಚಿಕ್ಕವರು ಛತ್ರಿ ಬಿಡಿಸಲು ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗೊತ್ತೇ ಆಗಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ನಮ್ಮ ಕೂಗು ಪಕ್ಕದ ಕೋಣೆಗೂ ಕೇಳುವುದಿಲ್ಲ. ಅದಕ್ಕೇ ವಿಸಿಲ್ ಇಟ್ಟಿದ್ದೇವೆ.

ಆಲೂರು ಕಡೆಯ ಮುಖ್ಯ ಶಿಕ್ಷಕ:
ಮೇಡಂ ಹೇಳಿದ್ದಕ್ಕೆ ಅಡುಗೆ ಕೋಣೆಯನ್ನೂ ಸೇರಿಸುತ್ತೇನೆ. ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 2004ರ ಜುಲೈ 16ರಂದು ಅಡುಗೆ ಮಾಡುವಲ್ಲಿ ಹೊತ್ತಿದ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಶಿಕ್ಷಕರಿಗೆ ಅದನ್ನು ಬಳಸಲು ಬರಬೇಕು ಅಂತ ಹೇಳಿತು. ಗೋಡೆಯಲ್ಲಿ ನೇತುಹಾಕಿದ ಮಾತ್ರಕ್ಕೆ ಬರುವುದಿಲ್ಲವಲ್ಲ. ರೀಫಿಲ್‌ಗೆ ಕಳಿಸುವ ಮುನ್ನ ಹಳೆಯದನ್ನು ಬಯಲಲ್ಲಿ ಅಡುಗೆಯವರ ಕೈಯಲ್ಲೇ ಪಿನ್ ಎಳೆಸಿ, ಒತ್ತಿಸಿ, ಖಾಲಿ ಮಾಡಿಸಿ. ನಮ್ಮ ಅಡುಗೆಯವರ ಹೆದರಿಕೆ ಹೋಗಿದ್ದು ಹಾಗೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು ಅಂತ ಮಕ್ಕಳಿಗೂ ಹೇಳಿಕೊಡಿ.

ಕೊಪ್ಪದ ಒಬ್ಬ ತಾಯಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ:
ಮುಂದೆ ಹಳ್ಳ ಅಂದಿರಲ್ಲ ಸರ್, ಒಂದು ಮಾತು. ಮಧ್ಯಾಹ್ನ ಮಳೆ ಜೋರಾಯಿತು ಅಂತ ಮಕ್ಕಳನ್ನು ಬೇಗ ಬಿಟ್ಟುಬಿಡಬೇಡಿ. ಹಳ್ಳ ತುಂಬುವುದೂ ಆಗಲೇ. ಕಾಲುಸಂಕ (ಹಳ್ಳದ ಮೇಲಿನ ಕಿರು ಸೇತುವೆ) ದಾಟಿ ಬರುವ ಮಕ್ಕಳ ಪಟ್ಟಿ ಬೇರೆ ಇರಲಿ. ಮನೆಯವರು ಬಂದು ಕೈ ಹಿಡಿದರೆ ಮಾತ್ರ ಕಳಿಸಿ. ಕತ್ತಲಾದರೂ ಪರವಾಗಿಲ್ಲ, ನಾವು ಬರುತ್ತೇವೆ. ತುರ್ತು ಸಹಾಯದ 112, ಜಿಲ್ಲಾ ವಿಪತ್ತು ಸಹಾಯವಾಣಿ 1077 ಗೋಡೆ ಮೇಲೆ ಬರೆಸಿ, ಆದರೆ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹತ್ತಿರದಲ್ಲಿ ಜೀಪಿರುವ ಮನೆ ಯಾವುದು ನೋಡಿ, ಅವರಿಗೆ ಈಗಲೇ ಹೇಳಿಟ್ಟುಕೊಳ್ಳಿ.