ಪದಚರ್ಚೆ: ವಿದೇಶಿ ಪದವಿಯ ‘ತತ್ಸಮಾನತೆ’ ಎಂದರೆ ಯಾವುದಕ್ಕೆ ಸಮಾನ?

ಮಾನ್ಯರೇ,

ಹೊರದೇಶದಲ್ಲಿ ಓದಿ ಬಂದವರ ಪದವಿ ಇಲ್ಲಿ ಯಾವುದಕ್ಕೆ ಸಮ, ಇಲ್ಲಿ ಓದಿ ಹೊರಗೆ ಹೋಗುವವರ ಪದವಿ ಅಲ್ಲಿ ಯಾವುದಕ್ಕೆ ಸಮ ಎಂದು ತೀರ್ಮಾನಿಸುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಪದವನ್ನು ಬಳಸಬೇಕು ಎಂಬುದು ನನ್ನ ಪ್ರಶ್ನೆ. ಕಾರವಾರದ ಕಾಲೇಜೊಂದರ ಕಚೇರಿಯಲ್ಲಿ ದಾಖಲೆಗಳ ವಿಭಾಗವನ್ನು ನೋಡಿಕೊಳ್ಳುವ ನಾನು, ಅಂಕೋಲಾ, ಕುಮಟಾ, ಭಟ್ಕಳ, ಶಿರಸಿ ಕಡೆಗಳಿಂದ ಈ ಕೆಲಸಕ್ಕೆಂದು ಬರುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮಗಳು ಟೊರೊಂಟೊದಲ್ಲೋ ದುಬೈಯಲ್ಲೋ ಇದ್ದು, ಕಾಗದಪತ್ರ ಮಾಡಿಸಲು ಊರಿನಲ್ಲಿರುವ ತಂದೆತಾಯಿ ಓಡಾಡುವುದು ನಮ್ಮಲ್ಲಿ ಸಾಮಾನ್ಯ. ಅವರು ತಾವೇ ಓದಿ, ಯಾವ ಕಾಗದ ಯಾತಕ್ಕೆ ಎಂದು ತಿಳಿದುಕೊಳ್ಳುವಂತೆ ಬರೆಯಬೇಕಾಗಿದೆ.

ಸದ್ಯ ಬಳಕೆಯಲ್ಲಿರುವ ಪದಗಳೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಏಜೆಂಟರೊಬ್ಬರು ‘ಡಿಗ್ರಿಯ ಮೌಲ್ಯಮಾಪನ ಆಗಬೇಕು’ ಎಂದು ಬರೆದುಕೊಟ್ಟಿದ್ದ ಚೀಟಿಯನ್ನು ಹಿಡಿದು ಬಂದ ತಾಯಿಯೊಬ್ಬರು, ‘ಪಾಸಾಗಿ ಇಷ್ಟು ವರ್ಷ ಆಯ್ತು, ಈಗ ಮತ್ತೆ ಪೇಪರ್ ನೋಡ್ತರಾ? ಮಾರ್ಕ್ಸ್ ಕಮ್ಮಿ ಆದ್ರೆ ಎಂತ ಮಾಡೂದು?’ ಎಂದು ಆತಂಕದಿಂದ ಕೇಳಿದರು. ಅವರ ಆತಂಕಕ್ಕೆ ಕಾರಣ ಆ ಪದವೇ. ಮೌಲ್ಯಮಾಪನ, ಮರುಮೌಲ್ಯಮಾಪನ ಎಂದರೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ನಮ್ಮ ಜನರಿಗೆ ಉತ್ತರಪತ್ರಿಕೆ ತಿದ್ದುವ ಕೆಲಸ. ಆ ಅರ್ಥ ಅಷ್ಟು ಗಟ್ಟಿಯಾಗಿ ಕೂತಿರುವಾಗ ಅದೇ ಪದವನ್ನು ಇಲ್ಲಿಗೂ ಎಳೆದುತರುವುದು ಸರಿಯಲ್ಲ. ಎರಡು ದೇಶಗಳ ಪದವಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅವಧಿ, ಪ್ರವೇಶದ ಅರ್ಹತೆ, ಕ್ರೆಡಿಟ್ (ಕಲಿಕೆಯ ಪ್ರಮಾಣದ ಅಳತೆ), ಪಠ್ಯವಿಷಯಗಳನ್ನು ಒಂದಕ್ಕೊಂದು ತೂಗಿನೋಡುವ ಈ ಕೆಲಸಕ್ಕೆ ‘ಪದವಿ ತುಲನೆ’ ಎಂಬುದು ನನ್ನ ಆಯ್ಕೆ.

‘ದೃಢೀಕರಣ’ದ ಕಥೆ ಬೇರೆ. ಭಟ್ಕಳದಿಂದ ಕೊಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಎಲ್ಲವನ್ನೂ ‘ಅಟೆಸ್ಟೇಷನ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ಆದರೆ ರಾಜ್ಯದ ಇಲಾಖೆ, ಬಳಿಕ ವಿದೇಶಾಂಗ ಸಚಿವಾಲಯ, ಆಮೇಲೆ ರಾಯಭಾರ ಕಚೇರಿ ಹೀಗೆ ಒಂದರ ಮೇಲೊಂದು ಬೀಳುವ ಮೊಹರುಗಳು ಹೇಳುವುದು ಇಷ್ಟೇ: ಈ ಸಹಿ ಅಸಲಿ, ಈ ಕಾಗದ ನಕಲಿಯಲ್ಲ. ಭಾರತದಲ್ಲಿ 2005ರಿಂದ ಜಾರಿಯಲ್ಲಿರುವ ಹೇಗ್ ಒಪ್ಪಂದದ ಅಪೋಸ್ಟಿಲ್ (ಆ ಒಪ್ಪಂದದ ದೇಶಗಳ ನಡುವೆ ನಡೆಯುವ ಮೊಹರು) ಕೂಡ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಆ ಪದವಿ ಅಲ್ಲಿ ಯಾವ ಮಟ್ಟದ್ದು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಎಲ್ಲ ಮೊಹರುಗಳ ಆಚೆಗೆ, ಬೇರೆ ಅರ್ಜಿಯಲ್ಲಿ. ಆದ್ದರಿಂದ ‘ದೃಢೀಕರಣ’ವನ್ನು ಕಾಗದದ ನೈಜತೆಗೆ ಮಾತ್ರ ಮೀಸಲಿಡಬೇಕು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ‘ಮಾನ್ಯತೆ’ ಮತ್ತು ‘ಸಮಾನತೆ’. ಬಹಳ ಕಾಲ ನಮ್ಮ ದೇಶದಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು 1925ರಲ್ಲಿ ಅಂತರ-ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 2025ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೊರಡಿಸಿದ ನಿಯಮಾವಳಿಯ ಹೆಸರಿನಲ್ಲಿಯೇ ಮಾನ್ಯತೆ ನೀಡುವುದು ಮತ್ತು ಸಮಾನವೆಂದು ಒಪ್ಪುವುದು ಎಂಬ ಎರಡು ಕ್ರಿಯೆಗಳು ಬೇರೆಬೇರೆಯಾಗಿ ಬರುತ್ತವೆ. ಪದವಿ ಕೊಟ್ಟ ಸಂಸ್ಥೆ ತನ್ನ ದೇಶದಲ್ಲಿ ವಿಧಿವತ್ತಾಗಿ ಒಪ್ಪಿತವಾಗಿದೆಯೇ ಎಂಬುದು ಒಂದು ಪ್ರಶ್ನೆಯಾದರೆ, ಆ ಪದವಿ ಇಲ್ಲಿನ ಯಾವ ಪದವಿಗೆ ಸಮ ಎಂಬುದು ಇನ್ನೊಂದು. ಪತ್ರಿಕೆಗಳು ಎರಡನ್ನೂ ‘ಮಾನ್ಯತೆ’ ಎಂದೇ ಬರೆಯುವುದರಿಂದ ಓದುಗರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ವೈದ್ಯಕೀಯದಂಥ ವೃತ್ತಿಶಿಕ್ಷಣಗಳನ್ನು ಆ ನಿಯಮಾವಳಿ ಹೊರಗಿಟ್ಟಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದವರು ಇಲ್ಲಿ ವೈದ್ಯರಾಗಿ ನೋಂದಣಿ ಮಾಡಿಸಿಕೊಳ್ಳಲು ಬರೆಯುವ, 300ಕ್ಕೆ 150 ಅಂಕ ಬೇಕಾದ ಎಫ್‌ಎಂಜಿಇ ಪರೀಕ್ಷೆ ತುಲನೆಯೂ ಅಲ್ಲ, ಮಾನ್ಯತೆಯೂ ಅಲ್ಲ. ಅದು ವೃತ್ತಿಪರವಾನಗಿಯ ಮೊದಲ ಮೆಟ್ಟಿಲು.

ತುಲನೆಯ ಫಲಿತವನ್ನು ಹೇಳುವ ಕಾಗದಕ್ಕೆ ‘ಸಮಾನತೆ ಪ್ರಮಾಣಪತ್ರ’ ಎಂಬ ಪ್ರಯೋಗ ನನಗೆ ಒಪ್ಪಿಗೆಯಿಲ್ಲ. ಸಮಾನತೆ ಎಂದಾಕ್ಷಣ ಸಾಮಾಜಿಕ ಸಮಾನತೆ, ಲಿಂಗ ಸಮಾನತೆಗಳು ನೆನಪಾಗುತ್ತವೆ. ಹಿಂದಿಯಿಂದ ಬಂದಿರುವ ‘ಸಮಕಕ್ಷತೆ’ಯೂ ನಮ್ಮ ಕಿವಿಗೆ ಹೊಂದುವುದಿಲ್ಲ, ಕಕ್ಷಿ ಎಂದರೆ ವಕೀಲರ ಬಳಿ ಹೋಗುವವನು, ಕಕ್ಷೆ ಎಂದರೆ ಗ್ರಹಗಳ ಹಾದಿ ಎಂದು ಬಲ್ಲ ಓದುಗರಿಗೆ ಅದರಿಂದ ಏನೂ ಹೊಳೆಯುವುದಿಲ್ಲ.

ಉಳಿಯುವುದು ‘ತತ್ಸಮಾನ’. ನೇಮಕಾತಿ ಅಧಿಸೂಚನೆಗಳಲ್ಲಿ ‘ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ’ ಎಂಬ ಒಕ್ಕಣೆಯನ್ನು ಓದದ ಕನ್ನಡಿಗ ಉದ್ಯೋಗಾಕಾಂಕ್ಷಿ ಇರಲಾರ. ಈ ಪದದ ಬಲ ಅದರ ‘ತತ್’ನಲ್ಲಿದೆ. ‘ಅದಕ್ಕೆ ಸಮಾನ’ ಎಂದಾಗ ‘ಅದು’ ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಮತ್ತು ಈ ವಿಷಯದಲ್ಲಿ ಏಳಲೇಬೇಕಾದ ಪ್ರಶ್ನೆಯೂ ಅದೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೂರು ವರ್ಷದ ಬಿಎಸ್‌ಸಿ ಪದವಿಯನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಪದವಿಯೂ ಮೂರು ವರ್ಷದ್ದೇ ಆದ್ದರಿಂದ ಅಲ್ಲಿ ಅವಧಿಯ ತಕರಾರಿಲ್ಲ. ಅಮೆರಿಕದಲ್ಲಾದರೆ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷ, 120 ಕ್ರೆಡಿಟ್‌ಗಳದ್ದಾದ್ದರಿಂದ ಮೊದಲ ತಕರಾರೇ ಅವಧಿಯದು. ಪದವಿ ಅದೇ, ಅಂಕಪಟ್ಟಿ ಅದೇ, ಬದಲಾದದ್ದು ‘ತತ್’ ಮಾತ್ರ. ಅಷ್ಟೇ ಅಲ್ಲ, ಅಮೆರಿಕದಲ್ಲಿ ಈ ತುಲನೆಯನ್ನು ಸರ್ಕಾರ ಮಾಡುವುದಿಲ್ಲ, ಖಾಸಗಿ ಸಂಸ್ಥೆಗಳು ಮಾಡುತ್ತವೆ. ಅವು ಕೊಡುವುದು ಒಂದು ಅಭಿಪ್ರಾಯ, ಅದನ್ನು ಒಪ್ಪುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ಅಥವಾ ಕೆಲಸ ಕೊಡುವವರ ಮರ್ಜಿ. ಕೆನಡಾದ ವಲಸೆಗೆ ಬೇಕಾಗುವ ತುಲನೆಯೂ ಐದು ವರ್ಷ ಮಾತ್ರ ಊರ್ಜಿತದಲ್ಲಿರುವ ಒಂದು ವರದಿ. ಆದ್ದರಿಂದ ಅಂಥವುಗಳಿಗೆ ‘ತತ್ಸಮಾನತೆ ವರದಿ’ ಎಂದೂ, ಯುಜಿಸಿಯಂಥ ಶಾಸನಬದ್ಧ ಸಂಸ್ಥೆ ಕೊಡುವುದಕ್ಕೆ ಮಾತ್ರ ‘ತತ್ಸಮಾನತೆ ಪ್ರಮಾಣಪತ್ರ’ ಎಂದೂ ಬರೆಯಬೇಕೆಂದುಕೊಂಡಿದ್ದೇನೆ.

ಇಲ್ಲೊಂದು ವ್ಯಾಕರಣದ ತೊಡಕಿದೆ. ‘ಈ ಪದವಿಯು ಭಾರತದ ಸ್ನಾತಕೋತ್ತರ ಪದವಿಗೆ ತತ್ಸಮಾನ’ ಎಂದು ಬರೆದರೆ ‘ಪದವಿಗೆ’ ಎಂಬ ಚತುರ್ಥಿಯೂ ‘ತತ್’ ಎಂಬ ಸರ್ವನಾಮವೂ ಒಂದನ್ನೇ ಎರಡು ಸಲ ಹೇಳಿದಂತಾಗುವುದಿಲ್ಲವೇ ಎಂದು ಸಂಸ್ಕೃತ ಬಲ್ಲ ಶಿರಸಿಯ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ಪ್ರಕಾರ ‘ಪದವಿಗೆ ಸಮಾನ’ ಎಂದರೆ ಸಾಕು. ತರ್ಕ ಸರಿಯಾದದ್ದೇ. ಆದರೆ ‘ಅವನ ಮಾತಿಗೆ ತದ್ವಿರುದ್ಧ’ ಎಂದು ನಾವೆಲ್ಲ ನಿಸ್ಸಂಕೋಚವಾಗಿ ಬರೆಯುತ್ತೇವೆ. ‘ತಂದೆಯ ತದ್ರೂಪ’, ‘ಓದಿನಲ್ಲಿ ತತ್ಪರ’ ಎನ್ನುವಾಗಲೂ ಒಳಗಿನ ‘ತತ್’ ಯಾರ ಕಿವಿಗೂ ಪ್ರತ್ಯೇಕವಾಗಿ ಕೇಳುವುದಿಲ್ಲ. ಕನ್ನಡಕ್ಕೆ ಬಂದು ಬಹುಕಾಲವಾದ ಮೇಲೆ ಇಂಥ ಸಮಾಸಗಳು ಒಂದೇ ಪದವಾಗಿ ಗಟ್ಟಿಗೊಂಡಿರುವುದರಿಂದ ‘ಪದವಿಗೆ ತತ್ಸಮಾನ’ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲಾಗಿ, ಕೈಪಿಡಿಯಲ್ಲಿ ‘ತತ್ಸಮಾನ’ ಎಂಬ ಪದ ಬಂದಲ್ಲೆಲ್ಲ ಅದರ ಹಿಂದೆ ಯಾವ ದೇಶದ ಯಾವ ಪದವಿಗೆ ಎಂದು ಬರೆಯಲೇಬೇಕೆಂಬ ನಿಯಮವನ್ನು ನಾನು ಹಾಕಿಕೊಂಡಿದ್ದೇನೆ. ‘ಅವರ ಡಿಗ್ರಿಗೆ ತತ್ಸಮಾನತೆ ಸಿಕ್ಕಿತು’ ಎಂಬ ಬರಿ ವಾಕ್ಯ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ.

ಇನ್ನೊಂದು ತೊಡಕು ಜರ್ಮನಿಯದು. ಅಲ್ಲಿನ ಅನಾಬಿನ್ ಎಂಬ ದತ್ತಸಂಚಯ ಹೊರದೇಶದ ಪದವಿಗಳನ್ನು ‘ಎಂಟ್‌ಶ್ಪ್ರಿಖ್ಟ್’, ‘ಗ್ಲೈಖ್‌ವೆರ್ಟಿಗ್’, ‘ಬೆಡಿಂಗ್ಟ್ ಫೆರ್‌ಗ್ಲೈಖ್‌ಬಾರ್’ ಎಂದು ಬೇರೆಬೇರೆ ದರ್ಜೆಗಳಲ್ಲಿ ಇಡುತ್ತದೆ: ಮೊದಲನೆಯದು ನೇರವಾಗಿ ಹೊಂದುವುದು, ಎರಡನೆಯದು ಮೌಲ್ಯದಲ್ಲಿ ಸಮವಾದುದು, ಮೂರನೆಯದು ಷರತ್ತಿನ ಮೇಲೆ ಮಾತ್ರ ಹೋಲಿಸಬಹುದಾದುದು. ಮೂರಕ್ಕೂ ‘ತತ್ಸಮಾನ’ ಎಂದುಬಿಟ್ಟರೆ ವೀಸಾ ಅರ್ಜಿ ಹಾಕುವವರಿಗೆ ದೊಡ್ಡ ಅನ್ಯಾಯ. ನಾನು ಕ್ರಮವಾಗಿ ‘ಅನುರೂಪ’, ‘ತತ್ಸಮಾನ’, ‘ಷರತ್ತಿಗೊಳಪಟ್ಟು ಹೋಲುವ’ ಎಂದು ಬರೆದಿದ್ದೇನೆ. ‘ಅನುರೂಪ’ ಎಂದರೆ ವಧೂವರರಿಗೆ ಹೇಳುವ ಮಾತಾಯಿತಲ್ಲ ಎಂಬ ಆಕ್ಷೇಪ ಬಂದಿದೆ. ಇದಕ್ಕಿಂತ ಒಳ್ಳೆಯ ಪದವನ್ನು ತಿಳಿದವರು ಸೂಚಿಸಬೇಕು.

ಕೊನೆಯದಾಗಿ, ನಮ್ಮ ಕಚೇರಿಗೆ ಬರುವ ಯಾರೂ ‘ತತ್ಸಮಾನತೆ’ ಎಂದು ಕೇಳುವುದಿಲ್ಲ. ‘ಇಲ್ಲಿನ ಡಿಗ್ರಿ ಅಲ್ಲಿ ನಡೀತದಾ?’ ಎಂದು ಕೇಳುತ್ತಾರೆ. ನೋಟು ನಡೆಯುತ್ತದೆ ಎನ್ನುವಾಗಿನ ಅದೇ ‘ನಡೆ’ ಇದು. ಇದರ ಹಳೆಯ ಒಡಹುಟ್ಟು ‘ಸಲ್ಲು’. ಬಸವಣ್ಣನವರ ವಚನದಲ್ಲಿ ಕಮ್ಮಟದ (ನಾಣ್ಯ ಟಂಕಿಸುವ ಜಾಗದ) ಪ್ರಸ್ತಾಪದೊಡನೆ, ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಎಂಬ ಅರ್ಥದಲ್ಲಿಯೇ ಅದು ಬಂದಿದೆ. ಒಂದು ಕಡೆಯ ಬೆಲೆ ಇನ್ನೊಂದು ಕಡೆ ಒಪ್ಪಿತವಾಗುವುದನ್ನು ಹೇಳಲು ಇಷ್ಟು ಹದವಾದ ಕನ್ನಡ ಕ್ರಿಯಾಪದ ಇರುವಾಗ, ವಿವರಣೆಯ ವಾಕ್ಯಗಳಲ್ಲಿ ‘ಈ ಪದವಿ ಕೆನಡಾದಲ್ಲಿ ಸಲ್ಲುತ್ತದೆ’ ಎಂದೇ ಬರೆಯುವುದು ನನಗೆ ಇಷ್ಟ. ನಾಮಪದ ಮಾಡಲು ಹೊರಟರೆ ಮಾತ್ರ ತೊಂದರೆ: ‘ಸಲ್ಲಿಕೆ’ ಎಂಬುದನ್ನು ‘ಅರ್ಜಿ ಸಲ್ಲಿಕೆ’ ಈಗಾಗಲೇ ಹಿಡಿದುಕೊಂಡಿದೆ. ಹಿಡುವಳಿ, ನಡವಳಿಗಳ ಜಾಡಿನಲ್ಲಿ ‘ಸಲುವಳಿ’ ಎನ್ನಬಹುದೇ, ಅಥವಾ ಕ್ರಿಯಾಪದಕ್ಕೆ ‘ಸಲ್ಲು’, ಕಾಗದದ ಹೆಸರಿಗೆ ‘ತತ್ಸಮಾನತೆ’ ಎಂದು ಎರಡನ್ನೂ ಇಟ್ಟುಕೊಳ್ಳುವುದೇ ಮೇಲೇ? ‘ತತ್ಸಮಾನ’ವನ್ನು ಚತುರ್ಥಿಯೊಡನೆ ಬಳಸಿದ ಹಳೆಯ ಆಡಳಿತ ಕನ್ನಡದ ಉದಾಹರಣೆಗಳು ಯಾರ ಬಳಿಯಾದರೂ ಇದ್ದರೆ, ಮೂಲದ ಪೂರ್ತಿ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.