ಟ್ರೇಲರಿನ ಸೇಫ್ಟಿ ಚೈನ್ ಯಾವುದಕ್ಕೆ ಕಟ್ಟಬೇಕು, ಎಷ್ಟು ಸಡಿಲ ಬಿಡಬೇಕು? – ಪ್ರಶ್ನೋತ್ತರ

ಪ್ರಶ್ನೆ (ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು):

ಅಣ್ಣನವರಿಗೆ ನಮಸ್ಕಾರ. ಕಳೆದ ವಾರ 250 ಬಾಕ್ಸ್ ಟೊಮೆಟೊ ಹೇರಿಕೊಂಡು ವಡ್ಡಹಳ್ಳಿ ಮಾರುಕಟ್ಟೆಗೆ ಹೊರಟಿದ್ದೆ. ನಮ್ಮೂರ ಕೆರೆ ಏರಿಯ ಮೇಲಿನ ಹಂಪ್ ದಾಟುವಾಗ ಟ್ರೇಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ಪಿನ್ ಹಾರಿ ಬಿದ್ದು, ಟ್ರೇಲರ್ ಕಳಚಿಕೊಂಡಿತು. ಮೂಕಿ (ಟ್ರೇಲರಿನ ಮುಂದಿನ ಎಳೆಕಂಬ) ನೆಲಕ್ಕೆ ಕುಸಿದು ಮಣ್ಣಿನಲ್ಲಿ ಹೂತುಕೊಂಡದ್ದರಿಂದ ಅಲ್ಲೇ ನಿಂತಿತು. ಇಲ್ಲದಿದ್ದರೆ ಕೆರೆಗೆ ಇಳಿಯುತ್ತಿತ್ತು. ಪಿನ್ನಿನ ಕೆಳಗೆ ಹಾಕುವ ಲಿಂಚ್ ಪಿನ್ ಹಿಂದೆಯೇ ಕಳೆದುಹೋಗಿ, ಅದರ ಜಾಗದಲ್ಲಿ ತಂತಿ ಸುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಈಗ ಸೇಫ್ಟಿ ಚೈನ್ ಹಾಕಿಸಬೇಕೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಒಬ್ಬ ವೆಲ್ಡರ್ ಚೈನನ್ನು ಅದೇ ಪಿನ್ನಿಗೆ ಸಿಕ್ಕಿಸಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರಿನ ಹಿಂದಿನ ಹೌಸಿಂಗಿಗೆ (ಗೇರುಗಳ ಹೊರಕವಚಕ್ಕೆ) ಬಳೆ ವೆಲ್ಡ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾವುದು ಸರಿ? ಚೈನ್ ಎಷ್ಟು ದಪ್ಪವಿರಬೇಕು, ಒಂದು ಸಾಕೇ ಅಥವಾ ಎರಡು ಬೇಕೇ? ಎರಡು ಚಕ್ರದ ಟ್ರೇಲರ್, ಖಾಲಿ ತೂಕ ಒಂದೂವರೆ ಟನ್.

ಉತ್ತರ (ಟ್ರೇಲರ್ ಕೆಲಸ ಮಾಡುವ ಮೆಕ್ಯಾನಿಕ್, ಕೋಲಾರ):

ಯಾರಿಗೂ ಪೆಟ್ಟಾಗಲಿಲ್ಲವೆಂಬುದೇ ದೊಡ್ಡ ಸಮಾಧಾನ. ತಾವು ಕೇಳಿದ ಎರಡು ದಾರಿಗಳಲ್ಲಿ ಒಂದೂ ಸರಿಯಿಲ್ಲ.

ಮೊದಲು ಪಿನ್ನಿನ ವಿಚಾರ. ಚೈನ್ ಇರುವುದು ಟ್ರೇಲರನ್ನು ಎಳೆಯುವುದಕ್ಕಲ್ಲ. ಎಳೆಯುವ ಭಾಗ ಕೈಕೊಟ್ಟಾಗ ಹಿಡಿದುಕೊಳ್ಳುವುದಕ್ಕೆ. ಹಾಗಿರುವಾಗ ಚೈನಿನ ಕೊನೆಯ ಕೊಂಡಿಯನ್ನು ಅದೇ ಪಿನ್ನಿಗೆ ಹಾಕಿದರೆ, ಪಿನ್ ಹಾರಿದ ಗಳಿಗೆಯಲ್ಲಿ ಚೈನೂ ಅದರ ಜೊತೆಗೇ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಂದು ಟ್ರೇಲರಿನ ಮುಂಭಾಗದಲ್ಲಿ ಒಳ್ಳೆಯ ದಪ್ಪನೆಯ ಚೈನ್ ಹಾಗೆಯೇ ನೇತಾಡುತ್ತಿತ್ತು, ಒಂದು ಕೊಂಡಿಯೂ ಕೆಟ್ಟಿರಲಿಲ್ಲ, ಆದರೆ ಟ್ರೇಲರ್ ರಾಗಿ ಹೊಲಕ್ಕೆ ಬಿದ್ದು ಮೂಕಿ ಬಾಗಿಹೋಗಿತ್ತು. ಚೈನನ್ನು ಪಿನ್ನಿಗೇ ಸಿಕ್ಕಿಸಿದ್ದರು. ಟ್ರ್ಯಾಕ್ಟರಿನ ಹಿಂದೆ ಪಿನ್ ಕೂರುವ ಹುಕ್ಕನ್ನು ಹಿಡಿದಿರುವ ಬೋಲ್ಟುಗಳ ವಿಷಯಕ್ಕೂ ಇದೇ ಮಾತು: ಅವು ಸಡಿಲವಾಗಿ ಇಡೀ ಹುಕ್ಕೇ ಕಿತ್ತುಬರುವುದುಂಟು. ಆದ್ದರಿಂದ ಚೈನಿನ ಮುಂದಿನ ತುದಿ ಪಿನ್ನನ್ನಾಗಲಿ, ಹುಕ್ಕನ್ನಾಗಲಿ ನೆಚ್ಚಿಕೊಳ್ಳದೆ, ಟ್ರ್ಯಾಕ್ಟರಿನ ಗಟ್ಟಿ ದೇಹಕ್ಕೆ ಪ್ರತ್ಯೇಕವಾಗಿ ಸೇರಿರಬೇಕು. ಮಿಕ್ಕಿದ್ದೆಲ್ಲಾ ಇದಾದ ಮೇಲಿನ ಮಾತು.

ಹೌಸಿಂಗಿಗೆ ವೆಲ್ಡ್ ಮಾಡಿಸಲೇಬೇಡಿ. ಅದು ಬೀಡು ಕಬ್ಬಿಣ. ಅದರ ಮೇಲೆ ಬೀದಿ ಬದಿಯಲ್ಲಿ ಹಾಕಿದ ವೆಲ್ಡಿಂಗ್ ನೋಡಲು ಚೆನ್ನಾಗಿ ಕೂತಂತೆ ಕಂಡರೂ, ಆರುವಾಗ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಜಗ್ಗು ಬಿದ್ದ ದಿನ ಬಳೆಯೂ ಬರುತ್ತದೆ, ಹೌಸಿಂಗಿನ ಚೂರೂ ಬರುತ್ತದೆ, ಎಣ್ಣೆ ರಸ್ತೆಯಲ್ಲಿ ಹರಿಯುತ್ತದೆ. ಹೌಸಿಂಗಿನ ಹಿಂದೆ ಕಂಪನಿಯವರೇ ಬಿಟ್ಟಿರುವ ಬೋಲ್ಟ್ ತೂತುಗಳಲ್ಲಿ ಹುಕ್ ಬಳಸದೆ ಉಳಿದಿರುವವನ್ನು ಹುಡುಕಿ, ಅವಕ್ಕೆ ದಪ್ಪ ಪ್ಲೇಟನ್ನು ಬೋಲ್ಟಿನಿಂದ ಬಿಗಿದು, ಪ್ಲೇಟಿನ ಕಿವಿಯಲ್ಲಿ ಚೈನ್ ಹಾಕುವುದು ಸರಿಯಾದ ಕ್ರಮ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಬಲದ ದರ್ಜೆಯ ಗುರುತು ಇರಬೇಕು. ಗುರುತಿಲ್ಲದ ಬೋಲ್ಟ್ ಬೇಡ. ನೇಗಿಲಿನಂಥ ಸಲಕರಣೆಗಳನ್ನು ಇಳಿಸಿ ಏರಿಸುವ ಟ್ರ್ಯಾಕ್ಟರಿನ ಕೆಳಗಿನ ಲಿಂಕುಗಳಿಗೆ ಚೈನ್ ಹಾಕುವವರೂ ಇದ್ದಾರೆ. ಹೈಡ್ರಾಲಿಕ್ ಇಳಿದರೆ ಚೈನ್ ನೆಲಕ್ಕೆ ತಾಗುತ್ತದೆ, ಏರಿದರೆ ಬಿಗಿಯಾಗುತ್ತದೆ, ಅದೂ ಬೇಡ.

ಇನ್ನು ದಪ್ಪ. ತಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ: ಬಾಕ್ಸಿಗೆ 15 ಕಿಲೋ ಎಂದರೆ 250 ಬಾಕ್ಸಿಗೆ 3,750 ಕಿಲೋ, ಅದಕ್ಕೆ ಟ್ರೇಲರಿನ 1,500 ಸೇರಿಸಿದರೆ 5,250 ಕಿಲೋ. ಚೈನ್ ತುಂಡಾಗುವ ಭಾರ ಇದಕ್ಕಿಂತ ಕಡಿಮೆ ಇರಲೇಬಾರದು. ಕೊಂಡಿಯ ಕಂಬಿ 10 ಮಿ.ಮೀ. ಇರುವ ಸಾಧಾರಣ ಗ್ರೇಡ್ 30 (ಗ್ರೇಡ್ ಎಂದರೆ ಬಲದ ದರ್ಜೆ) ಚೈನ್ ಸುಮಾರು 4.8 ಟನ್ನಿಗೆ ತುಂಡಾಗುತ್ತದೆ, ಅಂದರೆ ತಮ್ಮ ಲೋಡಿಗೆ ಅದು ಸಾಲದು. ಅದೇ 10 ಮಿ.ಮೀ. ದಪ್ಪದ ಗ್ರೇಡ್ 80 ಚೈನ್ ತುಂಡಾಗಲು ಹನ್ನೆರಡೂವರೆ ಟನ್ನಿನಷ್ಟು ಬೇಕು. ನೋಡಲು ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಕೊಂಡಿಯ ಮೇಲೆ ಒತ್ತಿರುವ 8 ಅಥವಾ 80 ಎಂಬ ಅಂಕಿಯಿಂದ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಕೊಡುವ ಚೈನಿನಲ್ಲಿ ಈ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಭಾರ ಎತ್ತುವ ಚೈನ್ ಪುಲ್ಲಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಲೆಕ್ಕಕ್ಕಿಂತ ಹೆಚ್ಚು ಬಲ ಏಕೆ ಬೇಕೆಂದರೆ, ಕಳಚಿದ ಟ್ರೇಲರ್ ಚೈನನ್ನು ಮೆಲ್ಲಗೆ ಎಳೆಯುವುದಿಲ್ಲ, ಒಮ್ಮೆಲೇ ಜಗ್ಗುತ್ತದೆ.

ಸಾಧ್ಯವಾದರೆ ಎರಡು ಚೈನ್ ಹಾಕಿಸಿ, ಮತ್ತು ಅವನ್ನು ಮೂಕಿಯ ಕೆಳಗೆ ಅಡ್ಡ ಹಾಯಿಸಿ: ಟ್ರೇಲರಿನ ಎಡಗಡೆಯದು ಟ್ರ್ಯಾಕ್ಟರಿನ ಬಲಕ್ಕೆ, ಬಲಗಡೆಯದು ಎಡಕ್ಕೆ. ಹೀಗೆ ಹಾಯಿಸಿದರೆ ಪಿನ್ ಹೋದಾಗ ಮೂಕಿ ಆ ಕತ್ತರಿಯ ಮೇಲೆ ತೊಟ್ಟಿಲಲ್ಲಿ ಕೂತಂತೆ ಕೂರುತ್ತದೆ, ನೆಲಕ್ಕೆ ಚುಚ್ಚಿಕೊಳ್ಳುವುದಿಲ್ಲ. ತಮ್ಮ ಟ್ರೇಲರ್ ನೆಲಕ್ಕೆ ಚುಚ್ಚಿ ನಿಂತದ್ದು ಆ ದಿನದ ಪುಣ್ಯ. ಡಾಂಬರು ರಸ್ತೆಯಲ್ಲಿ ವೇಗದಲ್ಲಿದ್ದಾಗ ಮೂಕಿ ಚುಚ್ಚಿಕೊಂಡರೆ ಟ್ರೇಲರ್ ಮಗುಚುತ್ತದೆ. ಅಮೆರಿಕದಲ್ಲಿ ಪಿಕಪ್ ಗಾಡಿಗಳ ಹಿಂದೆ ಟ್ರೇಲರ್ ಕಟ್ಟುವವರೂ ಈ ಕತ್ತರಿ ಕ್ರಮವನ್ನೇ ಅನುಸರಿಸುತ್ತಾರೆ.

ಪ್ರಶ್ನೆ (ಅದೇ ಬೆಳೆಗಾರ):

ಬಹಳ ಉಪಕಾರವಾಯಿತು ಅಣ್ಣ. ಚೈನ್ ಉದ್ದ ಎಷ್ಟಿರಬೇಕು? ಬಿಗಿಯಾಗಿದ್ದರೆ ಒಳ್ಳೆಯದಲ್ಲವೇ?

ಉತ್ತರ:

ಬಿಗಿ ಬೇಡ. ತಿರುವಿನಲ್ಲಿ ಹೊರಬದಿಯ ಚೈನಿಗೆ ಹೆಚ್ಚು ಉದ್ದ ಬೇಕಾಗುತ್ತದೆ. ಸಿಗದಿದ್ದರೆ ಪ್ರತಿ ತಿರುವಿನಲ್ಲೂ ಅದು ಪ್ಲೇಟನ್ನು ಕೀಳುತ್ತಾ ಬರುತ್ತದೆ. ಕಣದಂಥ ಸಮತಟ್ಟಾದ ಜಾಗದಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಮುಂದೆ ಹೋಗಿ ನಿಲ್ಲಿಸಿ, ಇಳಿದು ನೋಡಿ, ಬಲಕ್ಕೂ ಹಾಗೆಯೇ ಮಾಡಿ. ಎರಡು ಕಡೆಯೂ ಚೈನ್ ಬಿಗಿಯಾಗದೆ ಉಳಿಯುವಷ್ಟು ಉದ್ದ ಸಾಕು, ಅದಕ್ಕಿಂತ ಹೆಚ್ಚು ಬೇಡ. ನೇರವಾಗಿ ನಿಂತಾಗ ಚೈನಿನ ಜೋಲು ನೆಲದಿಂದ ಒಂದು ಗೇಣಾದರೂ ಮೇಲಿರಲಿ. ರಸ್ತೆಗೆ ಉಜ್ಜಿಕೊಂಡು ಹೋಗುವ ಚೈನ್ ಒಂದೇ ಬದಿಯಲ್ಲಿ ಸವೆದು ತೆಳ್ಳಗಾಗುತ್ತದೆ, ಸವೆದದ್ದು ಮೇಲಿನಿಂದ ಕಾಣುವುದೂ ಇಲ್ಲ. ಉದ್ದ ಹೆಚ್ಚಾಯಿತೆಂದು ಚೈನನ್ನು ಹುರಿಯಂತೆ ಹೊಸೆದು ಗಿಡ್ಡ ಮಾಡುವುದು, ಗಂಟು ಹಾಕುವುದು, ಕೊಂಡಿಯೊಳಗೆ ಬೋಲ್ಟ್ ತೂರಿಸುವುದು ಇವೆಲ್ಲ ಚೈನಿನ ಬಲವನ್ನು ತಿನ್ನುತ್ತವೆ. ಹೆಚ್ಚಿನ ಕೊಂಡಿಗಳನ್ನು ಕತ್ತರಿಸಿ ತೆಗೆಸಿ. ಆದರೆ ಕೊಂಡಿಗೆ ವೆಲ್ಡಿಂಗ್ ತಾಗಿಸಬೇಡಿ, ಗ್ರೇಡ್ 80 ಚೈನನ್ನು ಕಾಯಿಸಿ ಹದ ಮಾಡಿರುತ್ತಾರೆ, ಬೆಂಕಿ ತಾಗಿದ ಕಡೆ ಆ ಹದ ಹೋಗುತ್ತದೆ. ತುದಿಗಳನ್ನು ಡಿ ಶ್ಯಾಕಲ್‌ನಿಂದ (ಅಡ್ಡ ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ) ಸೇರಿಸಿ. ಶ್ಯಾಕಲ್ ಮೇಲೆ ಒತ್ತಿರುವ ಟನ್ನಿನ ಅಂಕಿ ಚೈನಿಗೆ ಸಮನಾಗಿರಲಿ, 10 ಮಿ.ಮೀ. ಗ್ರೇಡ್ 80 ಚೈನಿಗೆ ಮೂರೂಕಾಲು ಟನ್ನಿನದು ಹೊಂದುತ್ತದೆ. ನಟ್ಟು ಹಾಕಿ ಸ್ಪ್ಲಿಟ್ ಪಿನ್ ಚುಚ್ಚುವ ಬಗೆಯ ಶ್ಯಾಕಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಏಕೆಂದರೆ ಬರೀ ತಿರುಪು ಮರೆ (ಥ್ರೆಡ್) ಇರುವ ಪಿನ್ ಅದುರಿ ಅದುರಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ (ಕಟ್ಟಡ ಗುತ್ತಿಗೆದಾರ, ಮಾಲೂರು):

ನಾವು ಪಿಕಪ್ ಹಿಂದೆ ಕಾಂಕ್ರೀಟ್ ಮಿಕ್ಸರ್ ಕಟ್ಟಿಕೊಂಡು ಸೈಟಿನಿಂದ ಸೈಟಿಗೆ ಹೋಗುತ್ತೇವೆ. ಚೈನನ್ನು ಹಿಂದಿನ ಬಂಪರಿಗೆ ಸುತ್ತಿ, ಬಾಯಿ ತೆರೆದ ಕೊಕ್ಕೆ ಹಾಕಿದ್ದೇವೆ. ಇಷ್ಟು ಸಾಲದೇ ಸರ್?

ಉತ್ತರ:

ಸಾಲದು. ಬಂಪರನ್ನು ಹಿಡಿದಿರುವುದು ತೆಳು ಬ್ರಾಕೆಟ್ಟುಗಳು. ಮಿಕ್ಸರ್ ಜಗ್ಗಿದರೆ ಬಂಪರನ್ನೂ ಎಳೆದುಕೊಂಡು ಹೋಗುತ್ತದೆ. ಚಾಸಿಯ ಉದ್ದನೆಯ ಎರಡು ಚಾನೆಲ್‌ಗಳಿಗೆ ಬೋಲ್ಟ್ ಮಾಡಿದ ಅಡ್ಡ ಪಟ್ಟಿಯಲ್ಲಿ ಎರಡು ಕಿವಿ ಮಾಡಿಸಿ, ಅಲ್ಲಿಗೆ ಚೈನ್ ಹಾಕಿ. ಬಾಯಿ ತೆರೆದ ಕೊಕ್ಕೆ ಸಡಿಲ ಚೈನಿನಲ್ಲಿ ಕುಣಿದು ಕಳಚಿಕೊಳ್ಳುತ್ತದೆ. ಸ್ಪ್ರಿಂಗ್ ನಾಲಿಗೆ ಇರುವ ಕೊಕ್ಕೆ ತೆಗೆದುಕೊಳ್ಳಿ. ಅದು ಸಿಗುವವರೆಗೆ ಈಗಿನ ಕೊಕ್ಕೆಯನ್ನು ಕಿವಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಬಾಯಿಗೆ ಬೈಂಡಿಂಗ್ ವೈರ್ ಕಟ್ಟಿ. ಡ್ರಮ್ಮಿನೊಳಗೆ ಗಟ್ಟಿಯಾಗಿ ಕೂತ ಕಾಂಕ್ರೀಟಿನ ತೂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ (ಮಾವಿನ ತೋಟದ ಗೃಹಿಣಿ, ಶ್ರೀನಿವಾಸಪುರ):

ಅಣ್ಣಾ, ನಮ್ಮ ಮಗ ಸುಗ್ಗಿಯಲ್ಲಿ ದಿನವೂ ಮಂಡಿಗೆ ಮಾವು ಹೊಡೆಯುತ್ತಾನೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ, ಆದರೆ ಹೊರಡುವ ಮೊದಲು ನಾನೇ ನೋಡಿ ಕಳಿಸಬಹುದಾದದ್ದು ಏನಾದರೂ ಇದ್ದರೆ ತಿಳಿಸಿ. ದಾರಿಯಲ್ಲಿ ಪಿನ್ ಹೋದರೆ ಅವನು ಏನು ಮಾಡಬೇಕು?

ಉತ್ತರ:

ಖಂಡಿತ ನೋಡಬಹುದು ತಾಯಿ, ಓಡಿಸಲು ಬರಬೇಕೆಂದೇನೂ ಇಲ್ಲ. ಪಿನ್ನಿನ ಕೆಳತುದಿಯನ್ನು ಕೈಯಿಂದ ಮುಟ್ಟಿ, ಲಿಂಚ್ ಪಿನ್ ಇದೆಯೇ, ಅದರ ಬಳೆ ಮಡಚಿ ಕೂತಿದೆಯೇ ನೋಡಿ. ಚೈನನ್ನು ಎತ್ತಿ ಅಲುಗಾಡಿಸಿ. ಎರಡು ಕೊಂಡಿ ಒಂದಕ್ಕೊಂದು ಉಜ್ಜುವ ಜಾಗದಲ್ಲಿ 10 ಮಿ.ಮೀ. ಕಂಬಿ 9ಕ್ಕೆ ಇಳಿದಿದ್ದರೆ ಆ ಚೈನನ್ನು ತೆಗೆದುಬಿಡಬೇಕು. ಹೇರಿದ ಮೇಲೆ ಮತ್ತೊಂದು ಸಲ ನೋಡಿ, ಏಕೆಂದರೆ ಕ್ರೇಟುಗಳು ಹಿಂದೆ ಹೆಚ್ಚಾದರೆ ಎತ್ತಿನ ಗಾಡಿಯಂತೆಯೇ ಟ್ರೇಲರಿನ ಮೂಕಿ ಮೇಲೇಳಲು ನೋಡುತ್ತದೆ, ಆಗ ಪಿನ್ನಿನ ಮೇಲೆ ಕೆಳಗಿನಿಂದ ಒತ್ತಡ ಬೀಳುತ್ತದೆ. ರಸ್ತೆಗೆ ಇಳಿಯುವ ಮೊದಲು ಎರಡು ಬ್ರೇಕ್ ಪೆಡಲುಗಳನ್ನು ಸೇರಿಸುವ ಪಟ್ಟಿಯನ್ನು ಹಾಕಿಕೊಂಡಿದ್ದಾನೆಯೇ ಎಂದೂ ಕೇಳಿ.

ದಾರಿಯಲ್ಲಿ ಪಿನ್ ಹೋಗಿ ಟ್ರೇಲರ್ ಚೈನಿನ ಮೇಲೆ ನಿಂತರೆ ಹಿಂದೆ ದಡಕ್ಕೆಂದು ಸದ್ದಾಗುತ್ತದೆ. ಆಗ ಒಮ್ಮೆಲೇ ಬ್ರೇಕ್ ಒತ್ತಬಾರದು. ನಮ್ಮ ಕಡೆಯ ಹೆಚ್ಚಿನ ಟ್ರೇಲರುಗಳಿಗೆ ಬ್ರೇಕೇ ಇಲ್ಲದ ಕಾರಣ ಅದು ನೇರವಾಗಿ ಬಂದು ಹಿಂದಿನ ಚಕ್ರಕ್ಕೆ ಗುದ್ದುತ್ತದೆ. ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ವೇಗ ಇಳಿಸಿ, ಮೆಲ್ಲಗೆ ಬ್ರೇಕ್ ಒತ್ತುತ್ತಾ ಎಡಕ್ಕೆ ತಂದು ನಿಲ್ಲಿಸಬೇಕು. ಟ್ರೇಲರಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟ ಮೇಲಲ್ಲದೆ ಟ್ರ್ಯಾಕ್ಟರಿಗೂ ಟ್ರೇಲರಿಗೂ ಮಧ್ಯದಲ್ಲಿ ಯಾರೂ ನಿಲ್ಲಬಾರದು. ಒಮ್ಮೆ ಹೀಗೆ ಭಾರ ಹಿಡಿದ ಚೈನನ್ನು ಮತ್ತೆ ಬಳಸಬೇಡಿ. ಕಣ್ಣಿಗೆ ಕಾಣದಿದ್ದರೂ ಕೊಂಡಿ ಹಿಗ್ಗಿರಬಹುದು.

ಪ್ರಶ್ನೆ (ಮುಳಬಾಗಿಲು ತಾಲ್ಲೂಕಿನ ಬೆಳೆಗಾರ):

ಅಣ್ಣ, ತಾವು ಹೇಳಿದಂತೆ ಪ್ಲೇಟಿಗೆ ಹೇಳಿ ಬಂದೆ. ಲೇತ್ ಅಂಗಡಿಯಲ್ಲಿ ಹಳೆಯ ಪಿನ್ನನ್ನೂ ಅಳೆಸಿದೆ. ಮೇಲ್ಭಾಗದಲ್ಲಿ 28 ಮಿ.ಮೀ. ಇದೆ, ಹುಕ್ ಉಜ್ಜುವ ಜಾಗದಲ್ಲಿ 23ಕ್ಕೆ ಬಂದಿದೆ. ಚೈನ್ ಬರಲು ನಾಲ್ಕು ದಿನ ಆಗುತ್ತದಂತೆ, ನಾಳೆ ಲೋಡ್ ಇದೆ. ಈ ಪಿನ್ನಿನಲ್ಲಿ ಒಂದು ಸಲ ಹೋಗಿಬರಬಹುದೇ?

ಉತ್ತರ:

ಬೇಡ. ಆ ಸವೆತದಲ್ಲಿ ಪಿನ್ನಿನ ಬಲ ಸುಮಾರು ಮೂರನೇ ಒಂದು ಭಾಗ ಹೋಗಿದೆ, ಮೇಲಾಗಿ ಅಲ್ಲಿ ಕಚ್ಚು ಬಿದ್ದಿರುವುದರಿಂದ ಮುರಿಯುವುದೂ ಅಲ್ಲಿಯೇ. ಅದೇ ಲೇತಿನವರಿಗೆ ಇಎನ್ 8 ಎಂಬ ದರ್ಜೆಯ ಉಕ್ಕಿನಲ್ಲಿ ಹೊಸ ಪಿನ್ ಕಡೆದುಕೊಡಲು ಹೇಳಿ, ಕೆಳಗೆ ಲಿಂಚ್ ಪಿನ್ನಿನ ತೂತು ಹಾಕಿಸಿ. ಕಟ್ಟಡದ ಕಂಬಿ ತುಂಡನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಮೂಕಿಯ ಕಣ್ಣೂ ಮೊಟ್ಟೆಯಾಕಾರಕ್ಕೆ ಸವೆದಿದೆಯೇ ನೋಡಿಸಿ, ಸವೆದಿದ್ದರೆ ಹೊಸ ಪಿನ್ ಹಾಕಿದರೂ ಪ್ರತಿ ಹಂಪಿನಲ್ಲಿ ಬಡಿಯುತ್ತದೆ. ನಾಳೆಯ ಟೊಮೆಟೊವನ್ನು ಬಾಡಿಗೆ ಗಾಡಿಯಲ್ಲಿ ಕಳಿಸಿಬಿಡಿ. ಚೈನ್ ಬಂದ ದಿನ ಕಣದಲ್ಲಿ ಎರಡೂ ಕಡೆ ತಿರುಗಿಸಿ, ಹಿಂದಿನಿಂದ ತೆಗೆದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.