ಪತ್ತನಾಜೆ ಕಳೆದು ತೆಗೆದಿಟ್ಟ ಲೆನ್ಸಿನಲ್ಲಿ ಬಿಳಿ ಎಳೆಗಳು, ಏನು ಮಾಡುವುದು?

ಕೇಳಿದವರು, ಬದಿಯಡ್ಕದಿಂದ:

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ ಒಂದು 70-300 ಮತ್ತು ಒಂದು 50 ಎಂಎಂ ಲೆನ್ಸ್ ಇದೆ. ಜಾಸ್ತಿ ತೆಗೆಯುವುದು ಯಕ್ಷಗಾನದ ಫೋಟೋ, ಮತ್ತೆ ಊರಿನ ದೈವಗಳ ಕೋಲ, ತೆಯ್ಯಂ. ಮೇ ಕೊನೆಗೆ ಪತ್ತನಾಜೆ ಬಂದು ಯಕ್ಷಗಾನದ ಆಟ, ಕೋಲ ಎಲ್ಲ ನಿಂತ ಮೇಲೆ ಎರಡನ್ನೂ ಬ್ಯಾಗಿನಲ್ಲೇ ಹಾಕಿ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಣ್ಣ ಸಿಲಿಕಾ ಪೊಟ್ಟಣಗಳೂ ಇದ್ದವು. ದೀಪಾವಳಿ ಆಗಿ ಆಟ ಶುರುವಾಯಿತಲ್ಲ ಅಂತ ತೆಗೆದು ನೋಡಿದರೆ 70-300ರ ಒಳಗೆ ಅಂಚಿನಲ್ಲಿ ಬಿಳಿ ಎಳೆಗಳು. ಒರಸಿದರೆ ಹೋಗುವುದಿಲ್ಲ. ಹಗಲು ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ, ಆದರೆ ರಂಗಸ್ಥಳದ ಲೈಟ್ ಎದುರಿಗೆ ಬಂದರೆ ಚಿತ್ರ ಪೂರ್ತಿ ಬಿಳಿಚಿಕೊಳ್ಳುತ್ತದೆ. ಬಿಸಿಲಿಗೆ ಇಡಿ ಅಂತ ಒಬ್ಬರು, ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಅಂತ ಇನ್ನೊಬ್ಬರು. ತೇವ ತೆಗೆಯುವ ಕರೆಂಟಿನ ಕಪಾಟು, ಡ್ರೈ ಕ್ಯಾಬಿನೆಟ್ ತೆಗೆದುಕೊಳ್ಳುವಷ್ಟು ದುಡ್ಡು ಈಗ ಕೈಯಲ್ಲಿ ಇಲ್ಲ. ತಿಳಿದವರು ಹೇಳಿ.

ಉತ್ತರ, ಕುಂಬಳೆಯಿಂದ:

ಮಾರಾಯ್ರೆ, ಅದು ಫಂಗಸ್ಸೇ ಇರಬೇಕು. ಎರಡೂ ಮುಚ್ಚಳ ತೆಗೆದು, ಅಪರ್ಚರ್ (ಒಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಎಳೆ ಕವಲೊಡೆದು ಹರಡಿದ್ದರೆ ಫಂಗಸ್. ಬಿಡಿ ಬಿಡಿ ಚುಕ್ಕೆ ಆದರೆ ದೂಳು, ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಬಿಸಿಲಿಗೆ ಖಂಡಿತ ಇಡಬೇಡಿ. ಗಾಜಿಗೆ ಅಂಟಿದ ಎಳೆ ಬಿಸಿಲಿಗೆ ಹೋಗುವುದಿಲ್ಲ, ಸೂರ್ಯನ ಕಡೆ ಮುಖ ತಿರುಗಿದ್ದರೆ ಬೆಳಕು ಒಂದೇ ಕಡೆ ಸೇರಿ ಅಪರ್ಚರ್ ಎಲೆಗಳೇ ಸುಟ್ಟು ಹೋಗಬಹುದು, ಬಿಸಿಗೆ ಒಳಗಿನ ಗ್ರೀಸ್ ಕೂಡ ಹರಿಯಬಹುದು. ಅಕ್ಕಿಯೂ ಬೇಡ, ಅದರ ಹಿಟ್ಟು ಜೂಮ್ ರಿಂಗಿನ ಸಂದಿಗೆ ಸೇರುತ್ತದೆ. ನಾಫ್ತಲಿನ್ ಗುಳಿಗೆ ಹಾಕುವವರೂ ಇದ್ದಾರೆ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ಫಂಗಸ್ ಬೆಳೆಯುತ್ತಾ ಬಿಡುವ ಆಮ್ಲ ಗಾಜಿನ ಕೋಟಿಂಗನ್ನು ತಿನ್ನುತ್ತದೆ. ಒಮ್ಮೆ ತಿಂದರೆ ಯಾರು ತೊಳೆದರೂ ಕಲೆ ಹೋಗುವುದಿಲ್ಲ. ನಿಮ್ಮದು ಇನ್ನೂ ಅಂಚಿನಲ್ಲಿದೆ, ಹಾಗಾಗಿ ತಡ ಮಾಡದೆ ಬಿಚ್ಚಿ ತೊಳೆಯುವವರ ಹತ್ತಿರ ಕೊಡಿ. ಖರ್ಚು ಎಷ್ಟು ಅಂತ ಮೊದಲೇ ಕೇಳಿ, ಕೆಲವು ಲೆನ್ಸಿಗೆ ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ಇನ್ನು ಇಡುವ ವಿಷಯ. ನಮ್ಮ ಕಡೆ ಲೆನ್ಸಿಗೆ ಕೆಲಸ ಇಲ್ಲದ ತಿಂಗಳುಗಳೂ ಜಡಿಮಳೆಯ ತಿಂಗಳುಗಳೂ ಒಂದೇ, ತೊಂದರೆ ಇರುವುದೇ ಅಲ್ಲಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನೊಳಗೆ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಬ್ಯಾಗಿನ ಸ್ಪಂಜು ತೇವ ಹೀರದೆ ಇರುತ್ತದಾ? ಬ್ಯಾಗಿನಲ್ಲಿ ಸಿಲಿಕಾ ಹಾಕಿದರೆ ಅದು ಇಡೀ ಕೋಣೆಯ ತೇವ ಎಳೆದು ಬೇಗ ಸಾಯುತ್ತದೆ. ಹಲಸಿನ ಹಪ್ಪಳವನ್ನು ಮಳೆಗಾಲಕ್ಕೆ ಹೇಗೆ ಗಾಳಿಯಾಡದ ಡಬ್ಬಿಯಲ್ಲಿ ಇಡ್ತೇವೋ ಲೆನ್ಸನ್ನೂ ಹಾಗೇ ಇಡಬೇಕು. ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ, ಅದಕ್ಕೆ ದೊಡ್ಡ ಖರ್ಚೇನಿಲ್ಲ. ತೇವಾಂಶ 40ರಿಂದ 50 ಪರ್ಸೆಂಟ್ ಇದ್ದರೆ ಒಳ್ಳೇದು. 65 ದಾಟಿ ಹಾಗೇ ಉಳಿದರೆ ಫಂಗಸ್ಸಿಗೆ ದಾರಿ. ತೀರಾ 30ಕ್ಕಿಂತ ಕೆಳಗೂ ಬೇಡ, ರಬ್ಬರಿಗೆ ಒಳ್ಳೆಯದಲ್ಲ. ಚರ್ಮದ ಕೇಸನ್ನು ಡಬ್ಬಿಯ ಹೊರಗೇ ಇಡಿ. ಕಪಾಟಿಗೆ ನೇತು ಹಾಕುವ ತೇವ ಹೀರುವ ಪೊಟ್ಟಣಗಳಲ್ಲಿ ಉಪ್ಪುನೀರು ತುಂಬುತ್ತದೆ, ಅದು ಚೆಲ್ಲಿದರೆ ಲೆನ್ಸ್ ಹೋಯಿತು.

ಕೇಳಿದವರು:

ತುಂಬಾ ಉಪಕಾರ ಆಯ್ತು ಅಣ್ಣ. ಸಿಲಿಕಾವನ್ನು ಪುನಃ ಒಣಗಿಸುವುದು ಹೇಗೆ? ಆಟಿಯಲ್ಲಿ ಬಿಸಿಲೇ ಇಲ್ಲವಲ್ಲ. ಮತ್ತೆ ತಿರುಗಾಟಕ್ಕೆ ಹೋದಾಗ ಏನು ಮಾಡಬೇಕು?

ಉತ್ತರ, ಕುಂಬಳೆಯಿಂದ:

ತೇವ ಹೀರಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಿಡಿ ಸಿಲಿಕಾ ತೆಗೆದುಕೊಳ್ಳಿ. ನೀಲಿಯಿಂದ ಗುಲಾಬಿ ಆಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಯಾವುದೇ ಆಗಲಿ ಅಡುಗೆಗೆ ಬಳಸದ ಒಂದು ಹಳೇ ಬಾಣಲೆ ಬೇರೆಯೇ ಇಟ್ಟು, ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಬಣ್ಣ ವಾಪಸ್ ಬರುವ ತನಕ ಮೆಲ್ಲ ಕೈಯಾಡಿಸಿ. ಜಾಸ್ತಿ ಕಾಯಿಸಿದರೆ ಕಪ್ಪಾಗಿ ಹಾಳಾಗುತ್ತದೆ. ತಣಿಯುವಾಗ ಮುಚ್ಚಿಡಿ, ಇಲ್ಲದಿದ್ದರೆ ತಣಿಯುವಷ್ಟರಲ್ಲೇ ಪುನಃ ತೇವ ಹೀರಿರುತ್ತದೆ.

ಉತ್ತರ, ಕಾಞಂಗಾಡಿನಿಂದ:

ತಿರುಗಾಟದ್ದು ನಾನು ಹೇಳ್ತೇನೆ. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಹೊರಗೆ ತೆಗೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಹೊರಗಿನ ಸೆಕೆಗಾಳಿಯ ತೇವ ಮಂಜಾಗಿ ಕೂರುತ್ತದೆ, ಕೆಲವೊಮ್ಮೆ ಒಳಗೂ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ.

ಬೇಕಲದ ಕೋಟೆಯ ಹತ್ತಿರ ಕಡಲ ಬದಿಗೆ ಹೋದರೆ ಲೆನ್ಸಿನ ಮುಂದೆ ಗಾಜಿನ ಫಿಲ್ಟರ್ ಹಾಕಿಕೊಳ್ಳಿ. ವಾಪಸ್ ಬಂದು ಮೊದಲು ಬ್ಲೋವರಿನಿಂದ ಊದಿ ಮರಳು ಹಾರಿಸಿ, ಆಮೇಲೆ ಬಟ್ಟೆ. ಮರಳಿನ ಕಣ ಇರುವಾಗಲೇ ಒರಸಿದರೆ ಗೀರು ಗ್ಯಾರಂಟಿ. ಹೊರಮೈಯ ಉಪ್ಪಿಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರಸಿ. ದೈವ ಕೆಂಡಕ್ಕೆ ಬೀಳುವ ಒತ್ತೆಕೋಲದಲ್ಲಿ ಕೆಂಡದ ಹತ್ತಿರ ಲೆನ್ಸ್ ಬದಲಾಯಿಸಲೇಬೇಡಿ, ಬೂದಿ ಹಾರಿ ಸೀದಾ ಕ್ಯಾಮೆರಾದೊಳಗೆ ಹೋಗುತ್ತದೆ. ಬೈಕಿನಲ್ಲಾದರೆ ಬ್ಯಾಗ್ ಬೆನ್ನಿಗೇ ಇರಲಿ, ಟ್ಯಾಂಕಿನ ಮೇಲೆ ಇಟ್ಟರೆ ಅದುರಿ ಅದುರಿ ಸ್ಕ್ರೂ ಸಡಿಲ ಆಗುತ್ತದೆ.

ಕೇಳಿದವರು:

ಆಯ್ತು. 70-300 ನಾಳೆಯೇ ತೊಳೆಯಲು ಕೊಡ್ತೇನೆ, 50ಕ್ಕೆ ಇವತ್ತೇ ಡಬ್ಬಿ ತರ್ತೇನೆ.

ಉತ್ತರ, ಕುಂಬಳೆಯಿಂದ:

ಒಳ್ಳೇದು. ತೊಳೆದು ಬಂದ ಲೆನ್ಸನ್ನು ಮಾತ್ರ ಅದೇ ಬ್ಯಾಗಿಗೆ ಹಾಗೇ ಹಾಕಬೇಡಿ. ಬ್ಯಾಗಿನ ಒಳಗಿನ ಸ್ಪಂಜನ್ನೆಲ್ಲ ತೆಗೆದು, ಎರಡೂ ಕಡೆ ಚೆನ್ನಾಗಿ ಬಿಸಿಲು ಕಾಣಿಸಿ, ಆಮೇಲೆ ಬಳಸಿ.